ಹಿಮದ ಅಗ್ನಿಪರ್ವತಕ್ಕೆ ಗುಂಪು ಕಟ್ಟಿ ಹೊರಟರೆ: ವಾಪಸ್ ತಿರುಗೋ ಟೈಮ್ ಮೊದಲು ಬರೆದಿಡಿ

ಅಮೆರಿಕದ ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಕೆಲಸಕ್ಕೆ ಹೋಗಿರುವ ಮಕ್ಕಳು ಏಪ್ರಿಲ್, ಮೇ ತಿಂಗಳಲ್ಲಿ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಹಾಕೋದುಂಟು. ಸುತ್ತ ಬೆಳ್ಳಗೆ ಹಿಮ, ಕೈಯಲ್ಲಿ ಪಿಕಾಸಿಯಂಥ ಒಂದು ಸಲಕರಣೆ, ಹಿಂದೆ ಆಳವಾದ ದೊಡ್ಡ ಬಾಯಿ. ಕೆಳಗೆ 'ಮೌಂಟ್ ಸೇಂಟ್ ಹೆಲೆನ್ಸ್' ಅಂತ ಹೆಸರು. ಮನೆಯವರು ಗೂಗಲ್ ಮಾಡಿ ನೋಡಿದರೆ ಮೊದಲು ಸಿಗೋದು, 1980ರಲ್ಲಿ ಸಿಡಿದು 57 ಜನರನ್ನು ಬಲಿ ತೆಗೆದುಕೊಂಡ ಅಗ್ನಿಪರ್ವತ ಅನ್ನೋ ಸುದ್ದಿ. ಅಲ್ಲಿಗೆ ಅಮ್ಮನ ನಿದ್ದೆ ಕೆಟ್ಟಿತು.

ಹೆದರಬೇಕಾದ ವಿಷಯ ಇದೆ. ಆದ್ರೆ ಅದು ಲಾವಾ ಅಲ್ಲ. ಆ ಬೆಟ್ಟ ಹತ್ತುವವರಿಗೆ ನಿಜವಾದ ಅಪಾಯ ಇರೋದು ಹಿಮದಲ್ಲಿ, ಮಂಜಿನಲ್ಲಿ, ತಡವಾಗೋದರಲ್ಲಿ ಮತ್ತು ಗುಂಪಿನ ಗೊಂದಲದಲ್ಲಿ. ಏಳೆಂಟು ಸ್ನೇಹಿತರು ಸೇರಿ 'ಹೋಗೋಣ್ವಾ?' ಅಂದ ದಿನದಿಂದ ಕಾರು ನಿಲ್ಲಿಸಿದ ಜಾಗಕ್ಕೆ ವಾಪಸ್ ಬರೋವರೆಗೆ ಏನೇನು ತಯಾರಿ ಬೇಕು, ಲೆಕ್ಕ ಎಲ್ಲಿ ತಪ್ಪುತ್ತೆ ಅನ್ನೋದರ ವಿವರ ಇಲ್ಲಿದೆ.

ಎಲ್ಲಿದೆ ಈ ಬೆಟ್ಟ?

ವಾಷಿಂಗ್ಟನ್ ಅಂದ ತಕ್ಷಣ ಅಧ್ಯಕ್ಷರ ಮನೆ ನೆನಪಾಗುತ್ತೆ. ಇದು ಆ ವಾಷಿಂಗ್ಟನ್ ಅಲ್ಲ. ಅಮೆರಿಕದ ಇನ್ನೊಂದು ತುದಿಯಲ್ಲಿ, ಪಶ್ಚಿಮ ಕರಾವಳಿಯಲ್ಲಿರುವ ವಾಷಿಂಗ್ಟನ್ ರಾಜ್ಯ. ಮೈಕ್ರೋಸಾಫ್ಟ್, ಅಮೆಜಾನ್ ಇರೋದು ಇದೇ ರಾಜ್ಯದಲ್ಲಿ. ಹಾಗಾಗಿ ಕನ್ನಡದವರೂ ಅಲ್ಲಿ ಬಹಳ ಇದ್ದಾರೆ. ಸಿಯಾಟಲ್‌ನಿಂದಲೋ ಪೋರ್ಟ್‌ಲ್ಯಾಂಡ್‌ನಿಂದಲೋ ರಾತ್ರಿ ಕಾರಲ್ಲಿ ಹೊರಟರೆ ಬೆಳಗಿನ ಜಾವಕ್ಕೆ ಬೆಟ್ಟದ ಬುಡ ಸಿಗುತ್ತೆ.

1980ರ ಮೇ 18, ಭಾನುವಾರ ಬೆಳಿಗ್ಗೆ 8.32ಕ್ಕೆ ಭೂಮಿ ನಡುಗಿ ಬೆಟ್ಟದ ಉತ್ತರದ ಮೈ ಪೂರ್ತಿ ಕುಸಿದು ಜಾರಿತು. ಒತ್ತಡ ತಡೆದಿದ್ದ ಮುಚ್ಚಳ ಹೋದ ಮೇಲೆ ಒಳಗಿದ್ದದ್ದು ಪಕ್ಕಕ್ಕೇ ಸಿಡಿಯಿತು. 2,950 ಮೀಟರ್ ಇದ್ದ ಬೆಟ್ಟ 2,549 ಮೀಟರ್‌ಗೆ ಇಳಿಯಿತು. ಅಂದರೆ ನಾನೂರು ಮೀಟರ್ ತಲೆ ಹೋಯಿತು. ಉಳಿದದ್ದು ಒಂದು ಕಡೆ ಒಡೆದ ಬಟ್ಟಲಿನಂಥ ಆಕಾರ. ಹತ್ತುವವರು ಹೋಗೋದು ಒಡೆಯದೆ ಉಳಿದ ದಕ್ಷಿಣದ ಕಡೆಯಿಂದ. ತುದಿ ಅಂದ್ರೆ ಬಟ್ಟಲಿನ ಅಂಚು. ಅದರ ಆಚೆ ನೇರ ಪ್ರಪಾತ.

ನಮ್ಮ ಮುಳ್ಳಯ್ಯನಗಿರಿಗಿಂತ ಇದು ಸುಮಾರು ಆರುನೂರು ಮೀಟರ್ ಮಾತ್ರ ಎತ್ತರ. 'ಅಷ್ಟೇನಾ' ಅನ್ನಿಸಬಹುದು. ಆದ್ರೆ ಮುಳ್ಳಯ್ಯನಗಿರಿಯ ಮೆಟ್ಟಿಲ ಹತ್ತಿರಕ್ಕೆ ಜೀಪು ಹೋಗುತ್ತೆ. ಇಲ್ಲಿ ಹಿಮದ ಕಾಲದಲ್ಲಿ ಕಾರು ನಿಲ್ಲೋದು 820 ಮೀಟರ್ ಎತ್ತರದಲ್ಲಿ, ಮಾರ್ಬಲ್ ಮೌಂಟನ್ ಸ್ನೋ-ಪಾರ್ಕ್ ಅನ್ನೋ ಜಾಗದಲ್ಲಿ. ಅಲ್ಲಿಂದ ವರ್ಮ್ ಫ್ಲೋಸ್ ಎಂಬ ದಾರಿಯಲ್ಲಿ ಹೋಗಿ ಬರೋಕೆ 19 ಕಿಲೋಮೀಟರ್. ಏರು ಸುಮಾರು 1,740 ಮೀಟರ್. ಎಲ್ಲಾ ಒಂದೇ ದಿನದಲ್ಲಿ, ಹೆಚ್ಚಿನ ಭಾಗ ಹಿಮದ ಮೇಲೆ.

ಅಗ್ನಿಪರ್ವತ ಮತ್ತೆ ಸಿಡಿದರೆ?

ಮನೆಯವರ ಮೊದಲ ಪ್ರಶ್ನೆ ಇದೇ ಆಗಿರುತ್ತೆ, ಬೇಗ ಮುಗಿಸೋಣ. ಈ ಬೆಟ್ಟದ ಮೈತುಂಬ ಕಂಪನ ಅಳೆಯೋ ಯಂತ್ರಗಳಿವೆ. ಅಮೆರಿಕದ ಭೂಗರ್ಭ ಇಲಾಖೆಯ ಕ್ಯಾಸ್ಕೇಡ್ಸ್ ವೀಕ್ಷಣಾಲಯ ಹಗಲೂ ರಾತ್ರಿ ಇದನ್ನೇ ನೋಡ್ತಾ ಇರುತ್ತೆ. 2004ರ ಸೆಪ್ಟೆಂಬರ್‌ನಲ್ಲಿ ಒಳಗೆ ಸಣ್ಣ ಸಣ್ಣ ಕಂಪನ ಶುರುವಾದಾಗ ಹತ್ತೋದನ್ನೇ ಬಂದ್ ಮಾಡಿದರು. 2006ರ ಜುಲೈವರೆಗೆ ಯಾರನ್ನೂ ಬಿಡಲಿಲ್ಲ. ಸಿಡಿದ ಮೇಲೆ 1987ರವರೆಗೂ ಹೀಗೇ ಮುಚ್ಚಿತ್ತು. ಹೊರಡೋ ಮುಂಚೆ ವೀಕ್ಷಣಾಲಯದ ಪುಟದಲ್ಲಿ 'ಹಸಿರು' ಅಂತ ಇದೆಯೋ ಇಲ್ಲವೋ ನೋಡಿಕೊಂಡರೆ ಆ ಚಿಂತೆ ಅಲ್ಲಿಗೆ ಮುಗಿಯಿತು.

ಬೇಸಿಗೆ ಬಿಟ್ಟು ಹಿಮದಲ್ಲೇ ಯಾಕೆ?

ಜುಲೈ ಹೊತ್ತಿಗೆ ಹಿಮ ಕರಗಿ ಇನ್ನೊಂದು ದಾರಿ ತೆರೆಯುತ್ತೆ. ಕಾರು ಇನ್ನೂ ಮೇಲಕ್ಕೆ ಹೋಗುತ್ತೆ, ದೂರವೂ ಕಡಿಮೆ. ಆದ್ರೂ ತುಂಬಾ ಜನ ಹಿಮ ಇರುವಾಗಲೇ ಹೋಗ್ತಾರೆ. ಕಾರಣ ಸರಳ. ಹಿಮ ಇಲ್ಲದಾಗ ಮೇಲಿನ ಭಾಗ ಪೂರ್ತಿ ಬಂಡೆ ಮತ್ತು ಬೂದಿ. ಮನೆ ಕಟ್ಟೋ ಜಾಗದಲ್ಲಿ ಎಂ-ಸ್ಯಾಂಡ್ ರಾಶಿ ಹತ್ತಿದ ಹಾಗೆ, ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಮೂಗು ಬಾಯಿಗೆಲ್ಲಾ ಧೂಳು. ಹಿಮ ಬಿದ್ದು ಗಟ್ಟಿಯಾದ ಮೇಲೆ ಇದೆಲ್ಲಾ ಮುಚ್ಚಿ, ಮೆಟ್ಟಿಲು ಕೊರೆದ ಹಾಗೆ ಹತ್ತಬಹುದು. ಇಳಿಯುವಾಗ ಕೂತು ಜಾರಲೂಬಹುದು.

ಮೇ ತಿಂಗಳ ಎರಡನೇ ಭಾನುವಾರ, ಅಮ್ಮಂದಿರ ದಿನ, ಇಲ್ಲಿ ಒಂದು ತಮಾಷೆಯ ಪದ್ಧತಿ ಇದೆ. ಹೆಂಗಸರು ಗಂಡಸರು ಎನ್ನದೆ ಬೆಚ್ಚನೆ ಬಟ್ಟೆಯ ಮೇಲೆ ಬಣ್ಣಬಣ್ಣದ ಫ್ರಾಕು, ಲಂಗ ತೊಟ್ಟು ಬೆಟ್ಟ ಹತ್ತುತ್ತಾರೆ. ಫೋಟೊ ನೋಡಿದವರಿಗೆ ಇದು ಜಾತ್ರೆ ಅನ್ನಿಸಬೇಕು. ಹಾಗನ್ನಿಸೋದೇ ಒಂದು ತೊಂದರೆ. ಜಾತ್ರೆಗೆ ಹೋಗೋ ಮನಸ್ಸಿನಲ್ಲಿ ಹೊರಟವರಿಗೂ ಬೆಟ್ಟ ಅದೇ ಬೆಟ್ಟ.

ಪರ್ಮಿಟ್: ದರ್ಶನದ ಟಿಕೆಟ್ ಇದ್ದ ಹಾಗೆ

1,463 ಮೀಟರ್‌ಗಿಂತ ಮೇಲೆ ಹೋಗೋಕೆ ವರ್ಷಪೂರ್ತಿ ಪರ್ಮಿಟ್ ಬೇಕೇಬೇಕು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಮೇ 14ರವರೆಗೆ ಸ್ವಲ್ಪ ಧಾರಾಳ, ಆಮೇಲೆ ದಿನಕ್ಕೆ 110 ಜನ ಮಾತ್ರ. ತಿರುಪತಿ ದರ್ಶನದ ಟಿಕೆಟ್ ಬಿಟ್ಟ ಹಾಗೆ ಆನ್‌ಲೈನ್‌ನಲ್ಲಿ ಮುಂಚೆಯೇ ಬಿಡ್ತಾರೆ. ಶನಿವಾರ, ಭಾನುವಾರದ್ದು ಬೇಗ ಖಾಲಿ. ಚಳಿಗಾಲದಲ್ಲಿ ಕಾರು ನಿಲ್ಲಿಸೋಕೆ ಬೇರೆ ಚೀಟಿ ತಗೋಬೇಕು.

ಗುಂಪು ಕಟ್ಟುವವರು ಗಮನಿಸಬೇಕಾದ್ದು ಇನ್ನೊಂದಿದೆ. ಒಂದು ಗುಂಪಿನಲ್ಲಿ 12ಕ್ಕಿಂತ ಹೆಚ್ಚು ಜನ ಇರೋ ಹಾಗಿಲ್ಲ. ಆಫೀಸಿನ ಹದಿನೈದು ಜನ 'ನಾನೂ ಬರ್ತೀನಿ' ಅಂದರೆ ಅದು ಎರಡು ಗುಂಪು. ಎರಡಕ್ಕೂ ಬೇರೆ ಮುಂದಾಳು, ಬೇರೆ ಸಾಮಾನು, ಬೇರೆ ಲೆಕ್ಕ. ಹನ್ನೆರಡು ಕಾನೂನಿನ ಮಿತಿ ಅಷ್ಟೇ, ಹಿಮದಲ್ಲಿ ಹೊಸಬರನ್ನು ಕರೆದುಕೊಂಡು ಹೋಗೋರಿಗೆ ಅದೂ ಜಾಸ್ತಿಯೇ. ಆರರಿಂದ ಎಂಟು ಜನ, ಅದರಲ್ಲಿ ಇಬ್ಬರಾದರೂ ಹಿಮದಲ್ಲಿ ನಡೆದು ಗೊತ್ತಿರೋರು ಇದ್ದರೆ ನಿಭಾಯಿಸಬಹುದು.

ಪರ್ಮಿಟ್‌ನಲ್ಲಿ ಒಂದು ಗಾಳ ಕೂಡ ಇದೆ. ಕಷ್ಟಪಟ್ಟು ಸಿಕ್ಕ ತಾರೀಕು, ಎಲ್ಲರೂ ರಜೆ ಹಾಕಿದ್ದಾರೆ, ಬೂಟು ಬಾಡಿಗೆಗೆ ತಂದಾಗಿದೆ. ಆ ದಿನ ಹವಾಮಾನ ಕೆಟ್ಟರೆ 'ಬೇಡ' ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ಅದಕ್ಕೇ ಅನುಭವಸ್ಥರು ಎರಡು ತಾರೀಕು ಇಟ್ಟುಕೊಳ್ತಾರೆ. ಅಥವಾ ಪರ್ಮಿಟ್ ದುಡ್ಡು ಹೋಯ್ತು ಅಂತ ಮೊದಲೇ ಲೆಕ್ಕ ಬರೆದುಬಿಡ್ತಾರೆ.

ಎಂಟು ಜನ, ಐದೈದು ನಿಮಿಷ

ಇಲ್ಲಿಂದ ಮುಂದಿನದು ಈ ಲೇಖನದ ಮುಖ್ಯ ವಿಷಯ.

ಏರು ದಾರಿಯಲ್ಲಿ ಒಳ್ಳೆ ಅಭ್ಯಾಸ ಇರೋ ಗುಂಪು ಗಂಟೆಗೆ ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್ ಏರುತ್ತೆ ಅನ್ನೋದು ಬೆಟ್ಟ ಹತ್ತುವವರ ಸಾಮಾನ್ಯ ಲೆಕ್ಕ. ಇಲ್ಲಿ ಏರು 1,740 ಮೀಟರ್. ಭಾಗಿಸಿದರೆ ಹತ್ತಿರ ಹತ್ತಿರ ಆರು ಗಂಟೆ. ಬೆಳಗಿನ ಜಾವ 4ಕ್ಕೆ ಹೊರಟರೆ 10ಕ್ಕೆ ತುದಿ. ಪೇಪರ್ ಮೇಲೆ ಬಹಳ ಚೆನ್ನಾಗಿದೆ.

ಈಗ ಎಂಟು ಜನರನ್ನು ಸೇರಿಸಿ. ಒಬ್ಬನ ಬೂಟಿನ ಲೇಸು ಸಡಿಲ. ಒಬ್ಬಳಿಗೆ ಜಾಕೆಟ್ ತೆಗೀಬೇಕು. ಒಬ್ಬನಿಗೆ ಮರದ ಮರೆಗೆ ಹೋಗಬೇಕು. ಒಬ್ಬರು ಒಂದೇ ಸಲ, ಐದೇ ನಿಮಿಷ ನಿಂತರೂ ಎಂಟು ಜನಕ್ಕೆ ನಲವತ್ತು ನಿಮಿಷ ಹೋಯಿತು. ಯಾರೂ ಒಂದೇ ಸಲ ನಿಲ್ಲೋದಿಲ್ಲ. ಮದುವೆ ಬಸ್ಸು ಬೆಳಿಗ್ಗೆ ಆರಕ್ಕೆ ಅಂದರೆ ಎಂಟಕ್ಕೆ ಹೊರಡೋದು ಹೇಗೆ ಅಂತ ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆರು ಗಂಟೆಯ ದಾರಿ ಎಂಟು ಗಂಟೆ ಆಗೋದು ಹೀಗೆ.

ಮದುವೆಗೆ ತಡವಾದರೆ ಊಟಕ್ಕಾದರೂ ಸಿಗಬಹುದು. ಹಿಮದಲ್ಲಿ ತಡವಾದರೆ ನೆಲವೇ ಬದಲಾಗುತ್ತೆ. ರಾತ್ರಿ ಚಳಿಗೆ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಸಿಮೆಂಟಿನ ಹಾಗಿರುತ್ತೆ, ಬೂಟಿನ ಮುಳ್ಳು ಕಚ್ಚಿ ಹಿಡಿಯುತ್ತೆ. ಬಿಸಿಲೇರಿದಂತೆ, ಮಧ್ಯಾಹ್ನದ ಟಾರು ರಸ್ತೆಯ ಹಾಗೆ ಮೆತ್ತಗಾಗುತ್ತೆ. ಕಾಲು ಮೊಣಕಾಲವರೆಗೆ ಹೂತುಹೋಗುತ್ತೆ. ಕಡಿದಾದ ಜಾಗದಲ್ಲಿ ನೀರು ಕುಡಿದ ಹಿಮ ಜಾರಿ ಬರಲೂಬಹುದು. ಅದಕ್ಕೇ ನಡುರಾತ್ರಿ ಎದ್ದು, ತಲೆಗೆ ದೀಪ ಕಟ್ಟಿಕೊಂಡು ಹೊರಡೋದು. ಅದು ಶೋಕಿ ಅಲ್ಲ.

ಹಾಗಾಗಿ ಪ್ಲಾನ್‌ನಲ್ಲಿ ಮೊದಲು ಬರೆಯಬೇಕಾದ್ದು ತುದಿ ಮುಟ್ಟೋ ಟೈಮ್ ಅಲ್ಲ, ವಾಪಸ್ ತಿರುಗೋ ಟೈಮ್. ಉದಾಹರಣೆಗೆ ಮಧ್ಯಾಹ್ನ 12. ಹನ್ನೆರಡಕ್ಕೆ ಎಲ್ಲಿದ್ದರೂ, ತುದಿ ಕಣ್ಣೆದುರಿಗೇ ಇದ್ದರೂ, ಎಲ್ಲರೂ ತಿರುಗಬೇಕು. ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಗಿರಾಕಿ ಬಂದರೆ ಶಟರ್ ಅರ್ಧ ಎತ್ತಿ ಒಂದು ಸಾಮಾನು ಕೊಡಬಹುದು, ಇಲ್ಲಿ ಆ ದಾಕ್ಷಿಣ್ಯ ನಡೆಯಲ್ಲ. ಮತ್ತೆ ಇದನ್ನು ಹಿಂದಿನ ದಿನ ಮನೆಯಲ್ಲಿ ಕೂತು, ಚಹಾ ಕುಡೀತಾ ತೀರ್ಮಾನ ಮಾಡಬೇಕು. ಬೆಟ್ಟದ ಮೇಲೆ, ಸುಸ್ತಾಗಿ, ಇನ್ನೂರು ಮೀಟರ್ ಬಾಕಿ ಇರುವಾಗ ಮಾಡೋ ತೀರ್ಮಾನ ಸರಿ ಇರಲ್ಲ.

ಮೌಂಟ್ ಹುಡ್, ಮೇ 1986

ಸೇಂಟ್ ಹೆಲೆನ್ಸ್ ತುದಿಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ, ಆಕಾಶ ತಿಳಿಯಾಗಿದ್ದ ದಿನ, ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಬಿಳಿ ಶಿಖರ ಕಾಣುತ್ತೆ. ಅದು ಮೌಂಟ್ ಹುಡ್. ಅದೂ ಅಗ್ನಿಪರ್ವತವೇ. ಗುಂಪಿನ ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಆ ಭಾಗದವರು ಇವತ್ತಿಗೂ ಹೇಳೋದು ಅಲ್ಲಿ ನಡೆದ ಘಟನೆಯನ್ನೇ.

1986ರ ಮೇ 12. ಪೋರ್ಟ್‌ಲ್ಯಾಂಡಿನ ಒಂದು ಶಾಲೆಯ ಮಕ್ಕಳು ಮತ್ತು ದೊಡ್ಡವರು ಸೇರಿದ ಗುಂಪು ಬೆಳಗಿನ ಜಾವ ಹತ್ತೋಕೆ ಶುರು ಮಾಡಿತು. ಶಾಲೆಯ ಹೊರಾಂಗಣ ಶಿಕ್ಷಣದ ಭಾಗ ಅದು. ಕೆಲವರು ಸುಸ್ತಾಗಿ ದಾರಿಯಲ್ಲೇ ವಾಪಸಾದರು. 13 ಜನ ಮುಂದೆ ಹೋದರು. ಹವಾಮಾನ ಕೆಡ್ತಾ ಬಂತು. ತುದಿಯ ಹತ್ತಿರದವರೆಗೂ ಹೋಗಿ ತಿರುಗೋ ತೀರ್ಮಾನ ಮಾಡುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಇಳಿಯುವಾಗ ಒಬ್ಬ ಹುಡುಗನಿಗೆ ಮೈ ತಣ್ಣಗಾಗಿ ನಡೆಯೋಕೆ ಆಗಲಿಲ್ಲ. ಅವನನ್ನು ಬೆಚ್ಚಗೆ ಮಾಡೋಕೆ ಎಲ್ಲರೂ ನಿಂತರು. ಅಷ್ಟರಲ್ಲಿ ಬಿರುಗಾಳಿ, ಎದುರಿಗೆ ಏನೂ ಕಾಣದ ಬಿಳುಪು. ದಾರಿ ತಪ್ಪಿ, ಹಿಮದಲ್ಲಿ ಒಂದು ಗುಹೆ ಕೊರೆದು ಒಳಗೆ ಸೇರಿಕೊಂಡರು.

ಮರುದಿನ ಬೆಳಿಗ್ಗೆ ಬಾಡಿಗೆಗೆ ಕರೆತಂದಿದ್ದ ಗೈಡ್ ಮತ್ತು ಒಬ್ಬಳು ವಿದ್ಯಾರ್ಥಿನಿ ಬಿರುಗಾಳಿಯಲ್ಲೇ ನಡೆದು ಕೆಳಗೆ ಬಂದು ಸುದ್ದಿ ಮುಟ್ಟಿಸಿದರು. ಆದ್ರೆ ಗುಹೆ ಇದ್ದ ಜಾಗ ಹುಡುಕೋಕೆ ಆಗಲಿಲ್ಲ, ಗುರುತೆಲ್ಲಾ ಹಿಮದಲ್ಲಿ ಮುಚ್ಚಿಹೋಗಿತ್ತು. 14ನೇ ತಾರೀಕು ಗುಹೆಯ ಹೊರಗೆ ಮೂವರು ಸಿಕ್ಕರು, ಉಳಿಯಲಿಲ್ಲ. 15ನೇ ತಾರೀಕು ಗುಹೆ ಸಿಕ್ಕಿತು. ಒಳಗಿದ್ದ ಎಂಟು ಜನರಲ್ಲಿ ಬದುಕಿದ್ದು ಇಬ್ಬರು. ಒಟ್ಟು ಒಂಬತ್ತು ಸಾವು, ಹೆಚ್ಚಿನವರು ಹೈಸ್ಕೂಲ್ ಮಕ್ಕಳು.

ಅದಾದ ಮೇಲೆ ಮೌಂಟ್ ಹುಡ್‌ನಲ್ಲಿ, ಹತ್ತುವವರು ಮೈಗೆ ಕಟ್ಟಿಕೊಳ್ಳೋ, ಸಿಗ್ನಲ್ ಕಳಿಸೋ ಸಣ್ಣ ಯಂತ್ರ ಬಳಕೆಗೆ ಬಂತು. ಯಂತ್ರ ಇದ್ದಿದ್ದರೆ ಗುಹೆ ಬೇಗ ಸಿಗುತ್ತಿತ್ತು, ನಿಜ. ಆದ್ರೆ ಆ ದಿನದ ಕಥೆಯನ್ನು ಓದಿದರೆ ಬೇರೆಯದೇ ಕಾಣುತ್ತೆ. ಒಂದೇ ಒಂದು ದೊಡ್ಡ ತಪ್ಪು ಯಾರೂ ಮಾಡಿಲ್ಲ. ಒಂದು ತಾಸು ಇಲ್ಲಿ, ಅರ್ಧ ತಾಸು ಅಲ್ಲಿ, 'ಇನ್ನೊಂದು ಸ್ವಲ್ಪ ನೋಡೋಣ' ಅನ್ನೋ ಮಾತು. ಎಲ್ಲಾ ಸೇರಿ ಬಿರುಗಾಳಿಯ ಬಾಯಿಗೆ ಕೊಟ್ಟವು.

ಯಾರು ಮುಂದೆ, ಯಾರು ಹಿಂದೆ?

ಗುಂಪಿನಲ್ಲಿ ವೇಗ ನಿರ್ಧಾರ ಮಾಡೋದು ಗಟ್ಟಿಗ ಅಲ್ಲ, ಎಲ್ಲರಿಗಿಂತ ನಿಧಾನ ನಡೆಯೋರು. ಅವರನ್ನು ಮುಂದಿನಿಂದ ಎರಡನೆಯವರಾಗಿ ನಡೆಸಿದರೆ ಗುಂಪು ತಾನಾಗೇ ಒಟ್ಟಿಗೆ ಇರುತ್ತೆ. ಕೊನೆಯಲ್ಲಿ ಬಿಟ್ಟರೆ, ಅವರು ಏದುಸಿರು ಬಿಡ್ತಾ ಬಂದು ಮುಟ್ಟೋ ಹೊತ್ತಿಗೆ ಮುಂದಿನವರ ವಿಶ್ರಾಂತಿ ಮುಗಿದು ಎದ್ದು ಹೊರಟಿರುತ್ತಾರೆ. ಪಾಪ, ಅವರಿಗೆ ವಿಶ್ರಾಂತಿಯೇ ಇಲ್ಲ. ಕೊನೆಯಲ್ಲಿ ನಡೆಯಬೇಕಾದ್ದು ಅನುಭವ ಇರೋ ಒಬ್ಬರು. ಅವರ ಹಿಂದೆ ಯಾರೂ ಇರಬಾರದು.

ಅರ್ಧದಲ್ಲಿ ಒಬ್ಬರಿಗೆ ಆಗಲ್ಲ ಅಂದರೆ? 'ನೀನು ಇಲ್ಲೇ ಕೂತಿರು, ನಾವು ಹೋಗಿ ಬರ್ತೀವಿ' ಅನ್ನೋ ಮಾತು ಬಾಯಲ್ಲೇ ಬರಬಾರದು. ಚಳಿಯಲ್ಲಿ ಕೂತವರ ಮೈ ತಣ್ಣಗಾಗುತ್ತೆ, ಮಂಜು ಕವಿದರೆ ಇಳಿದು ಬರುವವರಿಗೆ ಅವರು ಕಾಣಿಸೋದೇ ಇಲ್ಲ. ಒಬ್ಬರು ವಾಪಸ್ ಅಂದರೆ ಜೊತೆಗೆ ಇನ್ನೊಬ್ಬರು, ಅದೂ ದಾರಿ ಗೊತ್ತಿರೋರು. ಅಂದರೆ ಆ ಗುಂಪಿನಲ್ಲಿ ದಾರಿ ಗೊತ್ತಿರೋರು ಕನಿಷ್ಠ ಇಬ್ಬರು ಇರಬೇಕು. ಮೂರನೆಯವರಿಗೆ ತೊಂದರೆ ಆದರೆ ಎಲ್ಲರೂ ವಾಪಸ್. ಎರಡು ಕಾರು ತಂದಿದ್ದರೆ ಬೀಗದ ಕೈ ಎರಡೂ ಒಬ್ಬನ ಜೇಬಲ್ಲಿ ಇರಬಾರದು. ಚಿಕ್ಕ ವಿಷಯ, ಆದ್ರೆ ಬೇಗ ಇಳಿದು ಬಂದವರು ಚಳಿಯಲ್ಲಿ ಕಾರಿನ ಹೊರಗೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತೆ.

ಹಗ್ಗ ಕಟ್ಟಿಕೊಂಡರೆ ಸೇಫ್ ಅಲ್ವಾ ಅಂತ ಹಲವರು ಕೇಳ್ತಾರೆ. ಸಿನಿಮಾದಲ್ಲಿ ಹಾಗೇ ಇರುತ್ತೆ. ಹಿಮಕ್ಕೆ ಗೂಟ ಹೊಡೆದು ಹಗ್ಗ ಬಿಗಿಯದೆ, ಬರೀ ಒಬ್ಬರಿಗೊಬ್ಬರು ಕಟ್ಟಿಕೊಂಡರೆ ಒಬ್ಬ ಜಾರಿದಾಗ ಎಲ್ಲರನ್ನೂ ಎಳೆದುಕೊಂಡು ಹೋಗ್ತಾನೆ. 2002ರ ಮೇ 30ರಂದು ಅದೇ ಮೌಂಟ್ ಹುಡ್‌ನಲ್ಲಿ ಮೇಲಿನ ತಂಡ ಜಾರಿ, ಕೆಳಗಿದ್ದ ತಂಡಗಳನ್ನೂ ಸೇರಿಸಿಕೊಂಡು ಹಿಮದ ಬಿರುಕಿಗೆ ಬಿತ್ತು. ಮೂವರು ಸತ್ತರು. ಕಾಪಾಡೋಕೆ ಹೋದ ಹೆಲಿಕಾಪ್ಟರ್ ಕೂಡ ಟಿವಿ ಕ್ಯಾಮೆರಾಗಳ ಮುಂದೆಯೇ ಬಿದ್ದು ಉರುಳಿತು. ಸೇಂಟ್ ಹೆಲೆನ್ಸ್‌ನ ಈ ದಾರಿಯಲ್ಲಿ ಸಾಮಾನ್ಯವಾಗಿ ಯಾರೂ ಹಗ್ಗ ಕಟ್ಟೋದಿಲ್ಲ.

ಸಾಮಾನು

ಪಟ್ಟಿ ಉದ್ದ ಇದೆ, ಇಂಟರ್ನೆಟ್‌ನಲ್ಲಿ ಸಿಗುತ್ತೆ. ಮುಖ್ಯವಾದ್ದು ಎರಡು. ಬೂಟಿನ ಅಡಿಗೆ ಕಟ್ಟೋ ಕಬ್ಬಿಣದ ಮುಳ್ಳಿನ ಚೌಕಟ್ಟು, ಅದಕ್ಕೆ ಕ್ರಾಂಪಾನ್ ಅಂತಾರೆ. ಇನ್ನೊಂದು ಐಸ್ ಆಕ್ಸ್, ಫೋಟೊದಲ್ಲಿ ಕಾಣೋ ಆ ಪಿಕಾಸಿ. ಜಾರಿದಾಗ ಅದರ ಚೂಪನ್ನು ಹಿಮಕ್ಕೆ ಒತ್ತಿ, ಮೈಭಾರ ಅದರ ಮೇಲೆ ಹಾಕಿ ನಿಲ್ಲಿಸಿಕೊಳ್ಳಬೇಕು. ಇದು ವಿಡಿಯೊ ನೋಡಿ ಬರೋ ವಿದ್ಯೆ ಅಲ್ಲ. ಹಿಂದಿನ ವಾರ ಯಾವುದಾದರೂ ಚಿಕ್ಕ ಇಳಿಜಾರಿನಲ್ಲಿ, ಕೆಳಗೆ ಬಂಡೆ ಇಲ್ಲದ ಜಾಗದಲ್ಲಿ, ಬೇಕಂತಲೇ ಹತ್ತಾರು ಸಲ ಜಾರಿ ಅಭ್ಯಾಸ ಮಾಡಬೇಕು. ಎರಡೂ ಬಾಡಿಗೆಗೆ ಸಿಗುತ್ತವೆ.

ಹತ್ತಿ ಬಟ್ಟೆ ಬೇಡ. ಬೆವರು ಕುಡಿದು ಒದ್ದೆಯಾದರೆ ಒಣಗೋದೇ ಇಲ್ಲ, ಮೈ ತಣ್ಣಗೆ ಮಾಡುತ್ತೆ. ಹಿಮದಿಂದ ಬಿಸಿಲು ಕೆಳಗಿನಿಂದಲೂ ಹೊಡೆಯೋದರಿಂದ ಗಲ್ಲದ ಕೆಳಗೆ, ಮೂಗಿನ ಹೊಳ್ಳೆಗೂ ಸನ್‌ಸ್ಕ್ರೀನ್ ಹಚ್ಚಬೇಕು. ಕಪ್ಪು ಕನ್ನಡಕ ಇಲ್ಲದೆ ಹೋದರೆ ಸಂಜೆಗೆ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ. ತಿಂಡಿಗೆ ಚಪಾತಿ ರೋಲ್, ಕಡಲೆ ಮಿಠಾಯಿ ಒಳ್ಳೆಯದೇ. ಮಲ ವಿಸರ್ಜನೆಗೆ ಅಂತಲೇ ಚೀಲ ಇರುತ್ತೆ, ಅದನ್ನೂ ಕಟ್ಟಿ ಹೊತ್ತು ವಾಪಸ್ ತರಬೇಕು. ನಮ್ಮ ಬೆಟ್ಟಗಳಲ್ಲಿ ನೀರಿನ ಬಾಟಲಿಯನ್ನೇ ವಾಪಸ್ ತರೋರು ಕಮ್ಮಿ.

ಸೂರಿನ ಮೇಲೆ ನಿಂತು ಸೆಲ್ಫಿ

ತುದಿಯಲ್ಲಿರೋ ಅಪಾಯ ಕಣ್ಣಿಗೆ ಕಾಣಲ್ಲ. ಗಾಳಿ ಹಿಮವನ್ನು ತಳ್ಳಿಕೊಂಡು ಬಂದು ಬಟ್ಟಲಿನ ಅಂಚಿನಿಂದ ಆಚೆಗೆ ಚಾಚುವಂತೆ ಕೂರಿಸುತ್ತೆ. ಹೆಂಚಿನ ಮನೆಯ ಸೂರು ಗೋಡೆಗಿಂತ ಮುಂದೆ ಚಾಚಿರುತ್ತಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ ಈ ಸೂರಿಗೆ ತೊಲೆ ಇಲ್ಲ, ರೀಪು ಇಲ್ಲ. ಕೆಳಗೆ ನೂರಾರು ಮೀಟರ್ ಬರೀ ಗಾಳಿ. ಇಂಗ್ಲಿಷಿನಲ್ಲಿ ಇದಕ್ಕೆ ಕಾರ್ನಿಸ್ ಅಂತಾರೆ. ಮೇಲೆ ನಿಂತವರಿಗೆ ಅದು ಗಟ್ಟಿ ನೆಲದ ಹಾಗೇ ಕಾಣುತ್ತೆ.

2010ರ ಫೆಬ್ರವರಿಯಲ್ಲಿ ಒಬ್ಬರು ತುದಿ ಮುಟ್ಟಿ, ಸ್ನೇಹಿತನಿಗೆ ಫೋಟೊ ತೆಗೆಯೋಕೆ ಹೇಳಿ ಅಂಚಿನ ಕಡೆ ನಿಂತರು. ಸೂರು ಮುರಿಯಿತು. ಬಟ್ಟಲಿನೊಳಕ್ಕೆ ಬಿದ್ದವರು ಉಳಿಯಲಿಲ್ಲ. ಅವರು ಹೊಸಬರಲ್ಲ, ಅದೇ ಬೆಟ್ಟವನ್ನು ಹತ್ತಾರು ಸಲ ಹತ್ತಿದವರು.

ಇನ್ನೊಂದು ಮೋಸ ಇದೆ. ಸೂರು ಮುರಿಯೋದು ಚಾಚಿದ ಭಾಗ ಮಾತ್ರ ಅಲ್ಲ, ಎಷ್ಟೋ ಸಲ ಅದಕ್ಕಿಂತ ಹಿಂದಿನಿಂದಲೇ ಬಿರುಕು ಬಿಡುತ್ತೆ. 'ಎರಡು ಹೆಜ್ಜೆ ಹಿಂದೆ ಇದ್ದೀನಿ' ಅನ್ನೋದು ಸಾಲಲ್ಲ. ಅಲ್ಲಿ ಮೊದಲೇ ಹೋದವರ ಹೆಜ್ಜೆ ಗುರುತು ಇದೆ ಅನ್ನೋದೂ ಭರವಸೆ ಅಲ್ಲ, ಅವರ ಅದೃಷ್ಟ ಚೆನ್ನಾಗಿತ್ತು ಅಷ್ಟೇ. ಗುಂಪಿನಲ್ಲಿ ಹೋದವರಿಗೆ ಇಲ್ಲಿ ಅಪಾಯ ಜಾಸ್ತಿ. ಎಂಟು ಜನ ಒಟ್ಟಿಗೆ ಫೋಟೊ ತೆಗೆಸಿಕೊಳ್ಳೋಕೆ, ಹಿಂದೆ ಬಟ್ಟಲು ಕಾಣೋ ಹಾಗೆ, 'ಇನ್ನೂ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ' ಅಂತ ಸರಿಯೋದು. ಹಿಮ ಇರೋ ಕಾಲದಲ್ಲಿ ಗುಂಪಿನ ಫೋಟೊವನ್ನು ಅಂಚಿನಿಂದ ದೂರ, ಇಳಿಜಾರಿನ ಕಡೆಯೇ ತೆಗೆಯಬೇಕು. ಬಟ್ಟಲು ಕಾಣದಿದ್ದರೂ ಪರವಾಗಿಲ್ಲ.

ಇಳಿಯುವಾಗ

ಇಳಿಯೋದು ಮಜಾ. ಹಿಮದ ಮೇಲೆ ಕೂತು, ಐಸ್ ಆಕ್ಸ್ ಅನ್ನು ಪಕ್ಕಕ್ಕೆ ಒತ್ತಿ ಬ್ರೇಕ್ ಹಾಕ್ತಾ ಜಾರಿದರೆ ಗಂಟೆಗಟ್ಟಲೆ ಹತ್ತಿದ್ದು ಬೇಗ ಇಳಿದುಬಿಡುತ್ತೆ. ಇದಕ್ಕೆ ಗ್ಲಿಸೇಡ್ ಅಂತಾರೆ. ಒಂದೇ ಒಂದು ನಿಯಮ ಮರೆಯಬಾರದು. ಜಾರೋ ಮುಂಚೆ ಬೂಟಿನ ಮುಳ್ಳು ಬಿಚ್ಚಬೇಕು. ವೇಗದಲ್ಲಿ ಇರುವಾಗ ಮುಳ್ಳು ಹಿಮಕ್ಕೆ ಕಚ್ಚಿದರೆ ಕಾಲು ಅಲ್ಲೇ ನಿಲ್ಲುತ್ತೆ, ಮೈ ಮುಂದೆ ಹೋಗುತ್ತೆ. ಕಣಕಾಲು ಮುರಿಯೋದು ಹೀಗೆ. ಮುರಿದ ಕಾಲಿನವರನ್ನು ಹೊತ್ತು ತರೋಕೆ ಉಳಿದ ಏಳು ಜನಕ್ಕೂ ಆಗಲ್ಲ. ಕೆಳಗೆ ಹಿಮ ಎಲ್ಲಿ ಮುಗಿದು ಬಂಡೆ ಶುರುವಾಗುತ್ತೆ ಅನ್ನೋದು ಕಾಣದಿದ್ದರೆ ಜಾರೋ ಹಾಗೇ ಇಲ್ಲ.

ಮಂಜು ಕವಿದರೆ ಇನ್ನೊಂದು ತೊಂದರೆ. ಈ ಬೆಟ್ಟವನ್ನು ಬಿಚ್ಚಿದ ಕೊಡೆ ಅಂತ ಅಂದುಕೊಳ್ಳಿ. ತುದಿಯಲ್ಲಿ ಕಡ್ಡಿಗಳೆಲ್ಲಾ ಹತ್ತಿರ ಹತ್ತಿರ, ಅಂಚಿಗೆ ಬಂದಂತೆ ದೂರ ದೂರ. ಮೇಲೆ ಒಂದು ಕಡ್ಡಿ ತಪ್ಪಿ ಪಕ್ಕದ ಕಡ್ಡಿ ಹಿಡಿದು ಇಳಿದರೆ ಕೆಳಗೆ ಕಾರು ಇರೋ ಜಾಗದಿಂದ ಕಿಲೋಮೀಟರ್‌ಗಟ್ಟಲೆ ಆಚೆ, ಬೇರೆ ಕಣಿವೆಯ ಕಾಡಿಗೆ ಹೋಗಿ ಬೀಳ್ತಾರೆ. ಅದಕ್ಕೇ ಹತ್ತುವಾಗಲೇ ಫೋನಿನ ಜಿಪಿಎಸ್‌ನಲ್ಲಿ ದಾರಿ ಗುರುತು ಮಾಡ್ತಾ ಹೋಗಬೇಕು. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿರಬೇಕು. ಒಂದು ಫೋನಲ್ಲಿ ಅಲ್ಲ, ಕನಿಷ್ಠ ಮೂರರಲ್ಲಿ. ಚಳಿಗೆ ಬ್ಯಾಟರಿ ದಿಢೀರ್ ಇಳಿಯುತ್ತೆ, ಫೋನು ಒಳಗಿನ ಜೇಬಲ್ಲಿ ಮೈಗೆ ತಾಗಿ ಇರಬೇಕು.

ಊರಲ್ಲಿರೋ ಮನೆಯವರು ಏನು ಕೇಳಬೇಕು?

'ಹುಷಾರಾಗಿ ಹೋಗಿ ಬಾ' ಅಂದರೆ ಸಾಲದು. ಬೆಟ್ಟದ ಮೇಲೆ ಸಿಗ್ನಲ್ ನಂಬೋ ಹಾಗಿಲ್ಲ, ಅದರಿಂದ ಫೋನ್ ಸಿಗದಿದ್ದರೆ ಗಾಬರಿ ಆಗಬೇಕಾಗಿಲ್ಲ. ಆದ್ರೆ ಎಷ್ಟು ಹೊತ್ತಿನವರೆಗೆ ಗಾಬರಿ ಆಗಬಾರದು ಅನ್ನೋದು ಗೊತ್ತಿರಬೇಕು. ಬೇಸಿಗೆಯಲ್ಲಿ ಅಲ್ಲಿನ ಸಮಯ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅವರು ಬೆಳಗಿನ ಜಾವ 4ಕ್ಕೆ ಹೊರಟರೆ ಇಲ್ಲಿ ಸಂಜೆ ನಾಲ್ಕೂವರೆ. ಅವರು ಮಧ್ಯಾಹ್ನ 12ಕ್ಕೆ ತಿರುಗಿದರೆ ಇಲ್ಲಿ ರಾತ್ರಿ ಹನ್ನೆರಡೂವರೆ. ಸಂಜೆ 6ಕ್ಕೆ ಕಾರಿನ ಹತ್ತಿರ ಬಂದರೆ ಇಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಅಂದರೆ ಇಲ್ಲಿ ಹಾಲು ತರೋ ಹೊತ್ತಿಗೆ ಮೆಸೇಜ್ ಬರಬೇಕು.

ಬರದಿದ್ದರೆ ಇಲ್ಲಿಂದ 911 ಒತ್ತಿದರೆ ಅಮೆರಿಕದ ತುರ್ತು ಸೇವೆಗೆ ಹೋಗಲ್ಲ. ಆ ನಂಬರ್ ಆ ದೇಶದ ಒಳಗೆ ಮಾತ್ರ ಕೆಲಸ ಮಾಡುತ್ತೆ. ಅದಕ್ಕೇ ಬೆಟ್ಟಕ್ಕೆ ಹೋಗದೆ ಅಲ್ಲೇ ಊರಲ್ಲಿ ಉಳಿದ ಒಬ್ಬ ಸ್ನೇಹಿತನ ನಂಬರ್ ಮನೆಯವರ ಹತ್ತಿರ ಇರಬೇಕು. ಆ ಸ್ನೇಹಿತನ ಹತ್ತಿರ ಗುಂಪಿನ ಎಲ್ಲರ ಹೆಸರು, ಕಾರಿನ ನಂಬರ್, ಕಾರು ನಿಲ್ಲಿಸೋ ಜಾಗ, ಹೋಗೋ ದಾರಿ, ಮತ್ತೆ 'ಇಷ್ಟು ಗಂಟೆವರೆಗೆ ಸುದ್ದಿ ಬರದಿದ್ದರೆ ಕಾಲ್ ಮಾಡು' ಅನ್ನೋ ಸಮಯ ಬರೆದಿರಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಕಾಣೆಯಾದವರನ್ನು ಹುಡುಕೋ ಹೊಣೆ ಆಯಾ ಕೌಂಟಿಯ ಷರೀಫ್‌ದು. ಸೇಂಟ್ ಹೆಲೆನ್ಸ್ ಇರೋದು ಸ್ಕಮೇನಿಯಾ ಕೌಂಟಿಯಲ್ಲಿ. ಆ ಕಚೇರಿಯ ಸಾಮಾನ್ಯ ಫೋನ್ ನಂಬರಿಗೆ ಭಾರತದಿಂದಲೂ ಕರೆ ಮಾಡಬಹುದು. ಮಗ ಅಥವಾ ಮಗಳು ಹೊರಡೋ ಮುಂಚೆ ಅದನ್ನೂ ಕೇಳಿ ಬರೆದಿಟ್ಟುಕೊಳ್ಳಿ, ಕೌಂಟಿಯ ವೆಬ್‌ಸೈಟ್‌ನಲ್ಲೇ ಇರುತ್ತೆ.